ಕಡಲಬದಿ ಹಳೇ ಮನೆ ತಗೊಂಡು ಹೋಂಸ್ಟೇ ಮಾಡೋರಿಗೆ: ಮಳೆಗಾಲದಲ್ಲಿ ಹೋಗಿ, ಕೈಯಲ್ಲಿ ಟೇಪ್ ಹಿಡ್ಕೊಂಡು ಹೋಗಿ

ವರ್ಷಕ್ಕೆ ಕಡಿಮೆ ಅಂದ್ರೂ ನಾಲ್ಕೈದು ಜನ ಫೋನ್ ಮಾಡ್ತಾರೆ, ಹೆಚ್ಚಿನೋರು ಬೆಂಗಳೂರು ಹುಬ್ಬಳ್ಳಿ ಕಡೆಯವರು, ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಎರಡು ದಿನ ಇದ್ದು ವಾಪಸ್ ಹೋಗುವಾಗ ಪಂಚಗಂಗಾ ಟ್ರೈನಲ್ಲಿ ಕೂತೇ ಫೋನು: "ಸಾರ್, ನಿಮ್ಮ ಕಡೆ ಸಮುದ್ರಕ್ಕೆ ಹತ್ರ ಒಂದು ಹಳೇ ಹಂಚಿನ ಮನೆ ಇದ್ರೆ ಹೇಳಿ, ಒಡೆದು ಮೂರು ಫ್ಲೋರ್ ಕಟ್ಟಿ ಹೋಂಸ್ಟೇ ಮಾಡೋಣ ಅಂತ." ನಾನು ಬ್ರೋಕರ್ ಅಲ್ಲ ಮಾರಾಯ್ರೆ. ಹುಟ್ಟಿ ಬೆಳೆದಿದ್ದು ಕುಮಟಾದಲ್ಲಿ, ನಮ್ಮ ಭಾವಂಗೆ ಒಂದು ಮನೆ ಕೊಡಿಸೋಕೆ ಎರಡು ವರ್ಷ ಕಚೇರಿ ಕಚೇರಿ ಅಲೆದಿದ್ದೇನೆ, ಅಷ್ಟೇ ನನ್ನ ಡಿಗ್ರಿ. ಆದ್ರೂ ಪ್ರತಿ ಸಲ ಅದದೇ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರೆದಿಡ್ತಾ ಇದ್ದೇನೆ.

ಒಂದು ಮಾತು ಮೊದಲೇ ಹೇಳ್ಬಿಡ್ತೇನೆ. ನಮ್ಮ ಕರಾವಳಿಯಲ್ಲಿ ಸಮುದ್ರ ಕಾಣತ್ತೆ ಅನ್ನೋದಕ್ಕೆ ದುಡ್ಡು ಕೊಡಬೇಡಿ, ಆ ಜಾಗದ ಮೇಲೆ ಎಷ್ಟು ಚದರಡಿ ಮನೆ ಕಾನೂನು ಪ್ರಕಾರ ನಿಂತಿದೆ ಅನ್ನೋದಕ್ಕೆ ಕೊಡಿ. ಉಳಿದಿದ್ದೆಲ್ಲ ಆಮೇಲೆ.

ಮೊದಲು ಮ್ಯಾಪು, ಆಮೇಲೆ ಮನೆ

ಮನೆ ನೋಡೋಕೆ ಹೋಗೋ ಮೊದಲು ಸರ್ವೆ ನಂಬರ್ ಕೇಳಿ. ಕೊಡಲ್ಲ ಅಂದ್ರೆ ಪೆಟ್ರೋಲ್ ಉಳೀತು. ನಂಬರ್ ಸಿಕ್ಕಿದ ಮೇಲೆ ಅದು ಸಿಆರ್‌ಝಡ್‌ನ ಯಾವ ವಲಯದಲ್ಲಿ ಬೀಳತ್ತೆ ಅಂತ ನೋಡ್ಬೇಕು. ಸಿಆರ್‌ಝಡ್ ಅಂದ್ರೆ ಕರಾವಳಿ ನಿಯಂತ್ರಣ ವಲಯ, ಮೊದಲ ಅಧಿಸೂಚನೆ ಬಂದಿದ್ದು 1991ರ ಫೆಬ್ರವರಿ 19ಕ್ಕೆ, ಆಮೇಲೆ 2011ರಲ್ಲಿ ಒಂದು, 2019ರಲ್ಲಿ ಇನ್ನೊಂದು. ಭರತ ರೇಖೆಯಿಂದ 500 ಮೀಟರ್ ಒಳಗಿನ ಜಾಗ ಎಲ್ಲಾ ಇದರ ಕೈಯಲ್ಲಿ. ಭರತ ರೇಖೆ ಅಂದ್ರೆ ನೀವು ಸಂಜೆ ನಿಂತಾಗ ಅಲೆ ಬಂದು ಕಾಲು ಮುಟ್ಟೋ ಜಾಗ ಅಲ್ಲ, ಉಬ್ಬರದ ನೀರು ಎಲ್ಲಿ ತನಕ ಏರತ್ತೆ ಅಂತ ಸರ್ಕಾರ ಅಳತೆ ಮಾಡಿ ನಕ್ಷೆ ಮೇಲೆ ಎಳೆದ ಗೆರೆ, ಬ್ರೋಕರ್ ಹೆಜ್ಜೆ ಹಾಕಿ "ನೋಡಿ ಸಾರ್ ಇನ್ನೂರು ಮೀಟರ್ ದಾಟ್ತು" ಅಂತ ಎಣಿಸಿದ್ದಕ್ಕೂ ಅದಕ್ಕೂ ಸಂಬಂಧ ಇರೋದಿಲ್ಲ.

ಕಾರವಾರ ನಗರಸಭೆ, ಕುಮಟಾ ಪುರಸಭೆ ತರದ ಪಟ್ಟಣದ ಒಳಗೆ ಈಗಾಗ್ಲೇ ಮನೆ ಮಠ ತುಂಬಿದ ಜಾಗ ಇದ್ರೆ ಅದು ಸಾಮಾನ್ಯವಾಗಿ ಸಿಆರ್‌ಝಡ್-2. ಅಲ್ಲಿ ಮೊದಲಿಂದ ಇರೋ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಈಚೆ ಬದಿಗೆ, ಅಂದ್ರೆ ನೆಲದ ಕಡೆಗೆ, ಕಟ್ಟೋಕೆ ಅವಕಾಶ ಇದೆ. ಹಳ್ಳಿ ಕಡೆ ಬಂದ್ರೆ ಸಿಆರ್‌ಝಡ್-3. 2019ರ ಅಧಿಸೂಚನೆಯಲ್ಲಿ ಅದನ್ನ ಎರಡು ಮಾಡಿದ್ದಾರೆ: 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರೋ ಊರಾದ್ರೆ ಮೊದಲ 50 ಮೀಟರ್ ಕಟ್ಟೋ ಹಾಗಿಲ್ಲ, ಕಡಿಮೆ ಇದ್ರೆ 200 ಮೀಟರ್ ಕಟ್ಟೋ ಹಾಗಿಲ್ಲ. ನಮ್ಮ ತೆಂಗಿನ ತೋಟದ ನಡುವೆ ಚದುರಿ ಕೂತ ಹಳ್ಳಿಗಳಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು, ನೀವೇ ಹೇಳಿ.

ಸಮುದ್ರ ಒಂದೇ ಅಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ನಾಲ್ಕೂ ನದಿಯಲ್ಲಿ ಉಪ್ಪುನೀರು ಎಷ್ಟು ದೂರ ಏರತ್ತೋ ಅಷ್ಟು ದೂರ ದಂಡೆಗೂ ಇದೇ ಕಾನೂನು ಇದೆ, 50 ಮೀಟರ್ ಅಥವಾ ಆ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಹಿನ್ನೀರಿನ ಹತ್ರ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ದೊಡ್ಡದಾಗಿದ್ರೆ ಅದರ ಸುತ್ತ ಮತ್ತೂ 50 ಮೀಟರ್ ಬಿಡ್ಬೇಕು. "ರಿವರ್ ವ್ಯೂ ಇದು ಸಾರ್, ಸಿಆರ್‌ಝಡ್ ಬರಲ್ಲ" ಅಂತ ಹೇಳೋರು ಹೊನ್ನಾವರದಿಂದ ಸದಾಶಿವಗಡದವರೆಗೂ ಸಿಗ್ತಾರೆ.

ಒಡೆದು ಕಟ್ಟೋದರ ಬಗ್ಗೆ ಕಾನೂನು ಹೇಳೋದು ಇಷ್ಟು: ಆ ಕಟ್ಟೋ ಹಾಗಿಲ್ಲದ ಪಟ್ಟಿಯ ಒಳಗೆ ಅಧಿಕೃತವಾಗಿ ಇರೋ ಮನೆ ಇದ್ರೆ ಅದನ್ನ ರಿಪೇರಿ ಮಾಡಬಹುದು, ಪುನಃ ಕಟ್ಟಲೂಬಹುದು, ಆದ್ರೆ ಪಾಯದ ಅಳತೆ ಮೀರೋ ಹಾಗಿಲ್ಲ, ಒಟ್ಟು ಕಟ್ಟಡದ ಚದರಡಿ ಮೀರೋ ಹಾಗಿಲ್ಲ. ಅದರಾಚೆ 500 ಮೀಟರ್ ತನಕ ಊರವರು ರೂಢಿಯಿಂದ ಬಂದ ಹಕ್ಕಿನ ಮೇಲೆ ವಾಸದ ಮನೆ ಕಟ್ಟಬಹುದು, ನೆಲಮಹಡಿ, ಅದರ ಮೇಲೆ ಇನ್ನೊಂದು, ಎತ್ತರ 9 ಮೀಟರ್ ಒಳಗೆ. ನಿನ್ನೆ ಬೆಂಗಳೂರಿಂದ ಬಂದು ರಿಜಿಸ್ಟರ್ ಮಾಡಿಸ್ಕೊಂಡವ್ರಿಗೆ ಆ ರೂಢಿ ಹಕ್ಕು ತನ್ನಷ್ಟಕ್ಕೆ ಬರತ್ತೆ ಅಂತ ತಿಳ್ಕೋಬೇಡಿ. ಮೂರು ಫ್ಲೋರಿನ ಕನಸು ಇಲ್ಲಿಗೇ ಮುಗೀತು, ಮುಂದೆ ಓದೋರು ಓದಿ.

720 ಚದರಡಿಯ ಕಥೆ

ಭಾವ ಮೊದಲು ಮೆಚ್ಚಿದ ಮನೆ ಕುಮಟಾ-ಅಂಕೋಲಾ ನಡುವಿನ ಒಂದು ಕೇರಿಯಲ್ಲಿತ್ತು. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಎದುರಿಗೆ ಉದ್ದ ಜಗಲಿ, ಹಿತ್ತಲಲ್ಲಿ ಹನ್ನೆರಡು ತೆಂಗು, ಅದರಾಚೆ ಮರಳು. ಮಾರೋರು ಹೇಳಿದ ಅಳತೆ 1150 ಚದರಡಿ. ನಾನು ಸುಮ್ನೆ ಇರದೆ ಟೇಪ್ ತಗೊಂಡು ಹೋಗಿದ್ದೆ, ಅಳೆದ್ರೆ ನಿಜವಾಗ್ಲೂ 1150 ಹತ್ರ ಹತ್ರ ಇತ್ತು, ಭಾವ ಖುಷಿ. ಆದ್ರೆ ಜಗಲಿ ಕೊನೆಗೆ ಹೋಗುವಾಗ ಕಾಲಿಗೆ ಏನೋ ಬೇರೆ ಅನ್ನಿಸ್ತು. ಅಲ್ಲಿವರೆಗೆ ಕೆಂಪು ಗಾರೆ ನೆಲ, ಅಲ್ಲಿಂದ ಮುಂದೆ ಸಿಮೆಂಟು, ಗೋಡೆ ಕಲ್ಲೂ ಬೇರೆ, ಮೂಲೆಯಲ್ಲಿ ಹಳೇದಕ್ಕೂ ಹೊಸದಕ್ಕೂ ನಡುವೆ ಬೆರಳು ಹೋಗೋವಷ್ಟು ಬಿರುಕು. ಪಂಚಾಯ್ತಿಗೆ ಹೋಗಿ ಹಳೇ ಅಸೆಸ್‌ಮೆಂಟ್ ರಿಜಿಸ್ಟರ್ ತೆಗೆಸಿದ್ರೆ ಮನೆ ನಂಬರ್ ಮುಂದೆ ಬರೆದಿದ್ದು 720. ಎರಡು ಕೋಣೆ, ಬಚ್ಚಲು, ಅರ್ಧ ಜಗಲಿ ಆಮೇಲೆ ಸೇರ್ಸಿದ್ದು, ಯಾರ ಪರವಾನಗಿಯೂ ಇಲ್ದೆ.

ಅಂದ್ರೆ ಲೆಕ್ಕ ಏನಾಯ್ತು, ಒಡೆದು ಕಟ್ಟೋದಾದ್ರೆ ಭಾವಂಗೆ ಸಿಗೋದು 720. ಅದ್ರಲ್ಲಿ ಅಟ್ಯಾಚ್ಡ್ ಬಾತ್‌ರೂಮಿನ ಎರಡು ರೂಮು, ಒಂದು ಅಡಿಗೆಮನೆ, ಮುಗೀತು. ಐದು ರೂಮಿನ ದರಕ್ಕೆ ಎರಡು ರೂಮು ತಗೊಳ್ಳೋಕೆ ಹೊರಟಿದ್ವಿ ನಾವು.

ಅದಕ್ಕೆ ಹೇಳೋದು, ಪಹಣಿಗಿಂತ ಮೊದಲು ಮನೆಯ ಹುಟ್ಟು ಹುಡುಕಿ. 1991ಕ್ಕಿಂತ ಹಿಂದಿನ ಮನೆ ಕಂದಾಯದ ರಸೀದಿ, ಅಸೆಸ್‌ಮೆಂಟ್ ನಕಲು, ಹಳೇ ಕರೆಂಟ್ ಬಿಲ್ಲು, ಕಟ್ಟಡ ಪರವಾನಗಿ ಇದ್ರಂತೂ ಬಂಗಾರ. ಹಳೇ ಮನೆಗಳಲ್ಲಿ ಈ ರಸೀದಿ ಕಟ್ಟು ದೇವರ ಕೋಣೆಯ ಗೂಡಲ್ಲೋ ಟ್ರಂಕಿನಲ್ಲೋ ಗೆದ್ದಲು ತಿಂತಾ ಬಿದ್ದಿರತ್ತೆ, ಕೇಳಿ ತೆಗೆಸಿ, ಮಾರೋರಿಗೇ ಅದರ ಬೆಲೆ ಗೊತ್ತಿರಲ್ಲ. ಆಮೇಲೆ ಆ ಸರ್ವೆ ನಂಬರಿನ ಸಿಆರ್‌ಝಡ್ ಸ್ಥಿತಿ ಏನು ಅಂತ ಕಾರವಾರದ ಪರಿಸರ ಇಲಾಖೆ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಬಾಯಿಮಾತಲ್ಲಿ "ಏನೂ ತೊಂದ್ರೆ ಇಲ್ಲ" ಅಂದೋರು ನೋಟಿಸ್ ಬಂದಾಗ ಊರಲ್ಲಿರಲ್ಲ.

ಕಾಗದ ಪತ್ರ, ಮತ್ತೆ ಮುಂಬೈ ಅತ್ತೆ

ಪಹಣಿ (ಕಾರವಾರ ಅಂಕೋಲಾ ಕಡೆ ಹಳಬರು ಉತಾರ ಅಂತಾರೆ), ಮ್ಯುಟೇಶನ್ (ಖಾತೆ ಬದಲಾವಣೆ), ಸರ್ವೆ ಇಲಾಖೆಯ 11ಇ ನಕ್ಷೆ, ಋಣಭಾರ ಪತ್ರ (ಇಸಿ), ಇಷ್ಟು ಎಲ್ಲರಿಗೂ ಗೊತ್ತು. ಗ್ರಾಮಠಾಣಾ (ಊರೊಳಗಿನ ವಾಸದ) ಜಾಗ ಆದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಕಾರವಾರ ಪೇಟೆ ಒಳಗೆ ಆದ್ರೆ ಸಿಟಿ ಸರ್ವೆ ನಂಬರು, ಪ್ರಾಪರ್ಟಿ ಕಾರ್ಡು. ಇಸಿ ಕಾವೇರಿ ಪೋರ್ಟಲಲ್ಲೇ ಬರತ್ತೆ, ತೀರಾ ಹಳೇದು ಬೇಕಂದ್ರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ಮೂವತ್ತು ವರ್ಷದ್ದಾದ್ರೂ ತೆಗೆಸಿ. ದಿಶಾಂಕ್ ಆ್ಯಪ್ ಮೊಬೈಲಲ್ಲಿ ಹಾಕ್ಕೊಂಡು ಜಾಗದಲ್ಲೇ ನಿಂತು ನೋಡಿದ್ರೆ ಯಾವ ಸರ್ವೆ ನಂಬರ್ ಮೇಲೆ ನಿಂತಿದ್ದೀರಿ ಅಂತ ತೋರಿಸತ್ತೆ, ಎರಡು ನಿಮಿಷದ ಕೆಲಸ. ಮಾರೋರು ತೋರಿಸಿದ ಬಾವಿ ಪಕ್ಕದವರ ನಂಬರಲ್ಲಿ ಇರೋದನ್ನ ನಾನು ಹಾಗೇ ಹಿಡಿದಿದ್ದೇನೆ.

ನಿಜವಾದ ಕಷ್ಟ ಇರೋದು ಸಹಿಯಲ್ಲಿ. ನಮ್ಮ ಕಡೆ ಒಂದು ಮನೆ ಅಂದ್ರೆ ಒಬ್ಬ ಮಾಲೀಕ ಅಲ್ಲ. ಅಜ್ಜ ತೀರಿಕೊಂಡು ಮೂವತ್ತು ವರ್ಷ ಆಗಿರತ್ತೆ, ವಾರಸಾ ಆಗಿರೋದು ಗಂಡುಮಕ್ಕಳ ಹೆಸರಿಗೆ ಮಾತ್ರ, ಹೆಣ್ಣುಮಕ್ಕಳು ಒಬ್ಬರು ಮುಂಬೈ ಒಬ್ಬರು ಮಡಗಾಂವ್ ಒಬ್ಬರು ದುಬೈ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ, 2020ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿದ ಮೇಲೆ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಇದೆ. ಭಾವ ಕೊನೆಗೆ ತಗೊಂಡ ಮನೆಗೆ ಹನ್ನೊಂದು ಸಹಿ ಬೇಕಾಯ್ತು. ಹತ್ತು ಆಗಿ, ಹನ್ನೊಂದನೇದು ಮಾರೋರ ಮುಂಬೈಯಲ್ಲಿರೋ ಅತ್ತೆ, ಫೋನಲ್ಲಿ "ನಂಗೆ ದುಡ್ಡು ಬೇಡ, ನಮ್ಮಪ್ಪನ ಮನೆ ಮಾರೋದೇ ಬೇಡ" ಅಂದ್ರು. ಆರು ತಿಂಗಳು ಹೋಯ್ತು. ಕಡೆಗೆ ಭಾವ ಅಕ್ಕನ್ನ ಕರ್ಕೊಂಡು ಮುಂಬೈಗೇ ಹೋಗಿ, ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಕೊಟ್ಟು, ಮನೆ ಒಡೆಯಲ್ಲ ರಿಪೇರಿ ಅಷ್ಟೇ ಮಾಡ್ತೇವೆ ಅಂತ ಮಾತು ಕೊಟ್ಟ ಮೇಲೆ ಸಹಿ ಬಿತ್ತು. ಅದಕ್ಕೆ ವಂಶವೃಕ್ಷ ತಗೊಂಡು ಒಬ್ಬೊಬ್ಬರ ಹೆಸರಿಗೂ ಟಿಕ್ ಹಾಕ್ತಾ ಹೋಗಿ, ಎಲ್ಲರೂ ಮಾತಾಡೋ ತನಕ ದೊಡ್ಡ ಅಡ್ವಾನ್ಸ್ ಕೊಡಲೇಬೇಡಿ. ಮಾರೋರಲ್ಲಿ ಒಬ್ಬರು ಎನ್‌ಆರ್‌ಐ ಇದ್ರೂ ಅವರ ಪಾಲಿಗೆ ನೀವು ಹಿಡಿಯೋ ಟಿಡಿಎಸ್ (ಮೂಲದಲ್ಲೇ ಕಡಿತ ಮಾಡೋ ತೆರಿಗೆ) ಬೇರೆ, ಸಾಮಾನ್ಯ ಒಂದು ಪರ್ಸೆಂಟ್ ಅಲ್ಲ, ಬಹಳ ಜಾಸ್ತಿ. ಸಿಎ ಹತ್ರ ಕೇಳಿಯೇ ದುಡ್ಡು ಹಾಕಿ, ಹಿಡೀದೇ ಹೋದ್ರೆ ಜವಾಬ್ದಾರಿ ನಿಮ್ಮದು.

ಇನ್ನೊಂದು ಉಪಾಯ. ಸಾಲ ಬೇಡ ಅಂದ್ರೂ ಬ್ಯಾಂಕಿಗೆ ಹೋಂ ಲೋನ್ ಅರ್ಜಿ ಹಾಕಿ ನೋಡಿ. ಬ್ಯಾಂಕಿನ ವಕೀಲರು ಕಾಗದ ನೋಡಿ ಮೂಗು ಮುರಿದ್ರೆ ನೀವೂ ಮುರೀರಿ.

ಮುಟ್ಟಬಾರದ ಜಾಗ

ಗಜನಿ. ಅಘನಾಶಿನಿ ಕೆಳಗೆ ಉಪ್ಪುನೀರು ಹತ್ತಿ ಇಳಿಯೋ ಗದ್ದೆ, ಕಗ್ಗ ಭತ್ತ ಬೆಳೆಯೋದು, ಸಿಗಡಿ ಹಿಡಿಯೋದು. ನೋಡೋಕೆ ಚಂದ, ಎಕರೆಗೆ ಅಗ್ಗ, ಕಟ್ಟೋಕೆ ಎಂಥದ್ದೂ ಆಗಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿ) ಸೇರಿದೆ. ಎರಡನೇದು ಸೊಪ್ಪಿನ ಬೆಟ್ಟ, ಅಡಿಕೆ ತೋಟಕ್ಕೆ ಸೊಪ್ಪು ತರೋಕೆ ಕೊಟ್ಟ ಸೌಲಭ್ಯ ಅದು, ಮಾರೋ ಜಾಗ ಅಲ್ಲ. ಮೂರನೇದು ಅತಿಕ್ರಮಣ, ಅಂದ್ರೆ ಅರಣ್ಯ ಜಾಗದಲ್ಲಿ ತಲೆಮಾರಿನಿಂದ ಇರೋರ ಮನೆ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದೇವೆ, ಜಿಪಿಎಸ್ ಸರ್ವೆ ಆಗಿದೆ, ಕರೆಂಟ್ ಇದೆ, ಮನೆ ನಂಬರ್ ಇದೆ ಅಂತಾರೆ. ಇರಬಹುದು, ಅದು ಅವರ ಹೋರಾಟ, ನೀವು ದುಡ್ಡು ಕೊಟ್ಟು ಅದ್ರೊಳಗೆ ಹೋಗಬೇಡಿ. ಗೇಣಿಯಿಂದ ಭೂನ್ಯಾಯ ಮಂಡಳಿ ಮೂಲಕ ಬಂದ ಜಮೀನು ಆದ್ರೆ ಆದೇಶದ ನಕಲು ನೋಡಿ, ಅಲ್ಲಿಂದ 15 ವರ್ಷ ಮಾರೋ ಹಾಗಿರಲಿಲ್ಲ. ಎಸ್‌ಸಿ ಎಸ್‌ಟಿ ಕುಟುಂಬಕ್ಕೆ ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ದೆ ತಗೊಂಡ್ರೆ ಎಷ್ಟು ವರ್ಷ ಆದ್ಮೇಲೂ ವಾಪಸ್ ಹೋಗತ್ತೆ.

ಕೃಷಿ ಜಮೀನನ್ನ 2020ರ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದೋರೂ ತಗೋಬಹುದು, ನಿಜ. ತಗೊಂಡ ಮಾತ್ರಕ್ಕೆ ಅಲ್ಲಿ ಕಾಟೇಜ್ ಹಾಕೋ ಹಾಗಿಲ್ಲ, ಎನ್‌ಎ (ಕೃಷಿಯೇತರ ಪರಿವರ್ತನೆ) ಆಗ್ಬೇಕು, ಅದೂ ವಾಸಕ್ಕೆ ಬೇರೆ, ವಾಣಿಜ್ಯಕ್ಕೆ ಬೇರೆ.

ಸರ್ಕಾರದ ಯೋಜನೆಗಳನ್ನೂ ಒಮ್ಮೆ ನೋಡ್ಕೊಳ್ಳಿ. ಸೀಬರ್ಡ್ ನೌಕಾನೆಲೆಗೆ ಕಾರವಾರ ಅಂಕೋಲಾ ನಡುವಿನ ಊರಿಗೆ ಊರೇ ಎದ್ದು ಹೋಗಿದ್ದನ್ನ ನಮ್ಮ ಕಣ್ಣಾರೆ ನೋಡಿದ್ದೇವೆ. ಈಗ ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ, ಕೇಣಿಯಲ್ಲಿ ಬಂದರು, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಇನ್ನೊಂದು ಬಂದರು ಅಂತ ಗಲಾಟೆ ನಡೀತಾನೇ ಇದೆ. "ಏರ್‌ಪೋರ್ಟ್ ಬರತ್ತೆ, ರೇಟ್ ಡಬಲ್" ಅಂತ ಹೇಳೋ ಮನುಷ್ಯನೇ ಆ ಏರ್‌ಪೋರ್ಟಿನ ರನ್‌ವೇ ಮೇಲಿನ ಜಾಗ ಮಾರ್ತಿರಬಹುದು.

ಜುಲೈಯಲ್ಲಿ ನೋಡಿ

ಡಿಸೆಂಬರಲ್ಲಿ ನಮ್ಮ ಕಡೆ ಎಲ್ಲ ಮನೆಯೂ ಚಂದ. ಮಳೆ 3000 ಮಿಲಿಮೀಟರ್ ದಾಟೋ ಊರಿದು, ಮನೆಯ ನಿಜ ಬಣ್ಣ ಆಷಾಢದಲ್ಲೇ ಗೊತ್ತಾಗೋದು. ಜುಲೈ ಹೊತ್ತಿಗೆ ಹೋಗಿ, ದೋಣಿ ಎಲ್ಲ ದಡಕ್ಕೆ ಎಳೆದಿಟ್ಟು ತೆಂಗಿನ ಗರಿ ಮುಚ್ಚಿರ್ತಾರೆ, ಮಾತಾಡೋಕೆ ಪುರುಸೊತ್ತು ಇರೋ ಮೀನುಗಾರರು ಸಿಗ್ತಾರೆ, "ಹತ್ತು ವರ್ಷದ ಹಿಂದೆ ಸಮುದ್ರ ಎಲ್ಲಿತ್ತು" ಅಂತ ಕೇಳಿ. ಅವರು ಬೆರಳು ತೋರಿಸೋ ಜಾಗ ಈಗ ನೀರೊಳಗೆ ಇದ್ರೆ ಮುಂದಿನ ಹತ್ತು ವರ್ಷದ ಲೆಕ್ಕ ನೀವೇ ಹಾಕ್ಕೊಳ್ಳಿ. ತಡೆಗೋಡೆ ಕಲ್ಲು ಹಾಕಿದ್ದಾರೆ ಅಂದ್ರೆ ಅದು ಸೌಕರ್ಯ ಅಲ್ಲ, ಸೂಚನೆ.

ಗುಡ್ಡದ ಬುಡದ ಜಾಗ ಆದ್ರೆ ಇನ್ನೂ ಎಚ್ಚರ. 2024ರ ಜುಲೈ 16ಕ್ಕೆ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಿದ್ದು ಯಾರೂ ಮರೆತಿಲ್ಲ. ಹಿಂದಿನ ಗುಡ್ಡ ನೆಟ್ಟಗೆ ಕಡಿದಿದ್ರೆ, ಮಣ್ಣು ಕೆಂಪಾಗಿ ಬೋಳಾಗಿ ನಿಂತಿದ್ರೆ, ಎಷ್ಟೇ ವ್ಯೂ ಇರ್ಲಿ, ಬೇಡ.

ಬಾವಿ ಮಾತ್ರ ಮಳೆಗಾಲದಲ್ಲಿ ನೋಡಬೇಡಿ, ಆಗ ಎಲ್ಲ ಬಾವಿಯೂ ತುಂಬಿ ಸಿಹಿ. ಅದಕ್ಕೆ ಮೇ ತಿಂಗಳಲ್ಲಿ ಇನ್ನೊಂದು ಸಲ ಹೋಗಿ. ಭಾವ ಕೊನೆಗೆ ತಗೊಂಡ ಮನೆಯಲ್ಲಿದ್ದ ಅಜ್ಜಿ ಮೊದಲ ದಿನವೇ ಹೇಳಿದ್ರು, "ತಮಾ, ಸುಳ್ಳು ಹೇಳೂದಿಲ್ಲ, ಯುಗಾದಿ ತನಕ ಈ ನೀರು ಕುಡೀಲಿಕ್ಕೆ ಅಡ್ಡಿಲ್ಲ, ಆಮೇಲೆ ಬೇಳೆ ಬೇಯೂದಿಲ್ಲ." ಮೇಯಲ್ಲಿ ಹೋಗಿ ಬಾಯಿಗೆ ಹಾಕಿದ್ರೆ ನಿಜ, ನಾಲಿಗೆ ಮೇಲೆ ತೆಳ್ಳಗೆ ಉಪ್ಪು. ಆ ಒಂದು ಮಾತಿಗೆ ನಾವು ಮಳೆನೀರಿನ ಟ್ಯಾಂಕಿಗೆ ಅಂತ ಮೊದಲೇ ದುಡ್ಡು ತೆಗೆದಿಟ್ವಿ. ಬೋರ್ ಹೊಡೆಸ್ತೇನೆ ಅನ್ನೋರಿಗೆ, ಸಿಆರ್‌ಝಡ್ ಒಳಗೆ ಅಂತರ್ಜಲ ಎತ್ತೋಕೂ ನಿರ್ಬಂಧ ಇದೆ, ಮತ್ತೆ ಮೋಟರ್ ಹಾಕಿ ಜಗ್ಗಿದಷ್ಟೂ ಉಪ್ಪು ಒಳಗೆ ಬರತ್ತೆ, ಪಕ್ಕದ ಮನೆ ಬಾವಿನೂ ಹಾಳು.

ರಿಪೇರಿ

ಇದ್ದಿದ್ದನ್ನ ಉಳಿಸ್ಕೊಳ್ಳಿ. ಚಿರೆಕಲ್ಲು ಗೋಡೆಗೆ ಸಮುದ್ರದ ಗಾಳಿ ಅಷ್ಟಾಗಿ ಏನೂ ಮಾಡಲ್ಲ, ಕಾಂಕ್ರೀಟ್ ಒಳಗಿನ ಕಬ್ಬಿಣಕ್ಕೆ ಮಾಡತ್ತೆ, ಕಬ್ಬಿಣದ ಸುತ್ತ ಕಾಂಕ್ರೀಟ್ ಕವರ್ ಕಡಿಮೆ ಬಿಟ್ಟು ಸ್ಲ್ಯಾಬ್ ಹಾಕಿದ್ರೆ ಕೆಲವೇ ವರ್ಷಕ್ಕೆ ಕೆಳಗಿಂದ ಚಕ್ಕೆ ಚಕ್ಕೆ ಉದುರತ್ತೆ. ಹಂಚು ಇಳಿಸಿ ಪಕಾಸು ರೀಪು ಒಂದೊಂದೇ ಬಡಿದು ನೋಡಿ, ಟೊಳ್ಳು ಸದ್ದು ಬಂದ್ರೆ ಬದಲಿಸಿ, ಗಟ್ಟಿ ಇದ್ದಿದ್ದನ್ನ ಬಿಡಿ. ತಿಜಾಗರಿ, ಬೋಲ್ಟು, ನಲ್ಲಿ ಎಲ್ಲ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲೋ ಹಿತ್ತಾಳೆಯೋ ಹಾಕಿ, ಅಗ್ಗದ್ದು ಒಂದೇ ಮಳೆಗಾಲಕ್ಕೆ ಕೆಂಪಾಗತ್ತೆ. ಎಸಿ ಹೊರಗಿನ ಯೂನಿಟ್ಟನ್ನ ಸಮುದ್ರದ ಕಡೆ ಗೋಡೆಗೆ ಹಾಕಲೇಬೇಡಿ. ಸೆಪ್ಟಿಕ್ ಟ್ಯಾಂಕ್ ಬಾವಿಯಿಂದ ಎಷ್ಟು ದೂರ ಆಗತ್ತೋ ಅಷ್ಟು ದೂರ, ಮಳೆಗಾಲದಲ್ಲಿ ನೀರು ನೆಲದಿಂದ ಎರಡಡಿ ಕೆಳಗೇ ನಿಂತಿರತ್ತೆ ಅನ್ನೋದು ನೆನಪಿರ್ಲಿ.

ಹೋಂಸ್ಟೇ ಅಂದ್ರೆ ಮನೆಯವರು ಇರೋ ಮನೆ

ಇದನ್ನ ಹೊರಗಿನೋರು ಒಪ್ಪೋದೇ ಇಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಅಂತ ನೋಂದಣಿ ಆಗೋಕೆ ಮಾಲೀಕರೋ ಅವರ ಕುಟುಂಬದೋರೋ ಆ ಜಾಗದಲ್ಲೇ ವಾಸ ಇರ್ಬೇಕು. ಪಂಚಾಯ್ತಿ ಎನ್‌ಒಸಿ, ಪೊಲೀಸ್ ಪರಿಶೀಲನೆ ಎಲ್ಲ ಆಗ್ಬೇಕು. ಸಿಆರ್‌ಝಡ್-3ರಲ್ಲಿ ಊರವರು ಇರೋ ಮನೆಯ ಪಾಯ, ವಿನ್ಯಾಸ, ಮುಂಭಾಗ ಬದಲಿಸದೆ ಹೋಂಸ್ಟೇ ಮಾಡಬಹುದು ಅಂತಲೇ ಅಧಿಸೂಚನೆಯಲ್ಲಿದೆ. ಬೆಂಗಳೂರಲ್ಲಿ ಕೂತು, ಇಲ್ಲಿ ಒಬ್ಬ ಹುಡುಗನ ಕೈಗೆ ಕೀ ಕೊಟ್ಟು ನಡೆಸೋದು ಹೋಂಸ್ಟೇ ಅಲ್ಲ, ಲಾಡ್ಜು. ಅದಕ್ಕೆ ವಾಣಿಜ್ಯ ಎನ್‌ಎ, ಲೈಸೆನ್ಸು, ವಾಣಿಜ್ಯ ದರದ ಕರೆಂಟು. ಭಾವನ ಮನೆಯಲ್ಲಿ ಈಗ ಅವನ ಅಣ್ಣ ಅತ್ತಿಗೆ ಇದ್ದಾರೆ, ಎರಡು ರೂಮು ಗೆಸ್ಟಿಗೆ, ಒಂದು ಅವರಿಗೆ. ಅತ್ತಿಗೆಯ ಬಂಗುಡೆ ಪಳದಿಗೇ ಅರ್ಧ ಜನ ಮತ್ತೆ ಬರೋದು.

ಬಂದೋರ ಐಡಿ ನಕಲು ಇಟ್ಕೊಳ್ಳಿ, ವಿದೇಶಿಯರು ಬಂದ್ರೆ 24 ಗಂಟೆ ಒಳಗೆ ಅವರ ವಿವರದ ಫಾರ್ಮ್ ಆನ್‌ಲೈನಲ್ಲಿ ಹಾಕ್ಬೇಕು, ಗೋಕರ್ಣದಲ್ಲಿ ಇದು ಬಹಳ ಮುಖ್ಯ.

ಲೆಕ್ಕ

ಸುಮ್ನೆ ಒಂದು ಉದಾಹರಣೆ ಇಟ್ಕೊಳ್ಳೋಣ. ಮನೆ 90 ಲಕ್ಷ, ರಿಪೇರಿ 20 ಲಕ್ಷ. ನೋಂದಣಿ ಖರ್ಚು ಬೇರೆ: ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 2 ಪರ್ಸೆಂಟ್, ಎಲ್ಲ ಸೇರಿ ಏಳೂವರೆ ದಾಟತ್ತೆ. ಮೂರು ರೂಮು, ರಾತ್ರಿಗೆ 2500 ರೂಪಾಯಿ. ಜೂನಿಂದ ಸೆಪ್ಟೆಂಬರ್ ಖಾಲಿ ಅಂತಲೇ ಹಿಡೀರಿ, ಬಾಕಿ ಎಂಟು ತಿಂಗಳಲ್ಲಿ ವೀಕೆಂಡು, ದಸರಾ ರಜೆ, ಕ್ರಿಸ್‌ಮಸ್, ಶಿವರಾತ್ರಿ ಎಲ್ಲ ಸೇರಿ ಮೂರೂ ರೂಮು ತುಂಬಿದ ರಾತ್ರಿ 110. ಬಂದಿದ್ದು 8,25,000. ಬುಕಿಂಗ್ ಆ್ಯಪಿನ ಕಮಿಷನ್ ಶೇಕಡಾ 15 ಅಂದ್ರೆ ಸುಮಾರು 1,24,000, ಕೆಲಸದವರಿಗೆ ತಿಂಗಳಿಗೆ 15 ಸಾವಿರದಂತೆ 1,80,000, ಕರೆಂಟು ಗ್ಯಾಸು ಬಟ್ಟೆ ಒಗೆಯೋದು ವೈಫೈ 1,20,000, ಮಳೆ ಮುಗಿದ ಮೇಲೆ ಪೇಂಟು ಹಂಚು ರಿಪೇರಿ 80,000. ಉಳಿದಿದ್ದು ಮೂರು ಲಕ್ಷದ ಇಪ್ಪತ್ತೊಂದು ಸಾವಿರ ಚಿಲ್ಲರೆ. ಒಂದು ಕೋಟಿ ಹತ್ತು ಲಕ್ಷದ ಮೇಲೆ ಮೂರು ಪರ್ಸೆಂಟೂ ಇಲ್ಲ, ಎಫ್‌ಡಿ ವಾಸಿ. ಬರೀ ಬಾಡಿಗೆ ನಂಬಿ ಸಾಲ ಮಾಡಿ ಬರೋರಿಗೆ ಅದಕ್ಕೇ ಬೇಡ ಅನ್ನೋದು. ವರ್ಷಕ್ಕೆ ಒಂದೆರಡು ತಿಂಗಳು ನೀವೇ ಬಂದು ಇರ್ತೀರಿ, ಜಾಗದ ಬೆಲೆ ನಿಧಾನಕ್ಕೆ ಏರಲಿ ಅಂದ್ರೆ ಸರಿ.

110 ರಾತ್ರಿಯೂ ಗ್ಯಾರಂಟಿ ಏನಲ್ಲ. 2024ರ ಡಿಸೆಂಬರಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ಕು ವಿದ್ಯಾರ್ಥಿನಿಯರು ನೀರುಪಾಲಾದ ಮೇಲೆ ಬೀಚ್ ಬಂದ್ ಆಯ್ತು, ಅದೂ ಸೀಸನ್ನಿನ ಹೊತ್ತಲ್ಲಿ. ಘಟ್ಟದ ರಸ್ತೆ ಮುಚ್ಚಿದ್ರೆ ಶಿರಸಿ ಹುಬ್ಬಳ್ಳಿ ಕಡೆಯ ವೀಕೆಂಡ್ ಗೆಸ್ಟುಗಳು ಕ್ಯಾನ್ಸಲ್.

ಅಗ್ರಿಮೆಂಟಿಗೆ ಮೊದಲು

ಕರಾರುಪತ್ರದಲ್ಲಿ ಎರಡು ಸಾಲು ಬರೆಸಿ: ಸಿಆರ್‌ಝಡ್ ಸ್ಥಿತಿಯ ಬಗ್ಗೆ ಬರವಣಿಗೆಯ ಉತ್ತರ ಬಂದ ಮೇಲೆ ಬಾಕಿ ಹಣ, ಎಲ್ಲ ವಾರಸುದಾರರ ಸಹಿ ಆಗದಿದ್ರೆ ಅಡ್ವಾನ್ಸ್ ವಾಪಸ್. ಗಡಿ ಕಲ್ಲು ಹಾಕಿಸುವಾಗ ಅಕ್ಕಪಕ್ಕದವರನ್ನ ಕರೀರಿ, ಚಾ ಕೊಡಿ. ಮತ್ತೆ ಹಿತ್ತಲಲ್ಲಿ ಓಡಾಡೋ ಕಾಲುದಾರಿ ಇದ್ರೆ ಅದು ಯಾರದ್ದು ಅಂತ ಕೇಳಿ, ನಕ್ಷೆಯಲ್ಲಿ ಇರಲ್ಲ, ಆದ್ರೆ ಕೇರಿಯವರು ಬಲೆ ಹೊತ್ಕೊಂಡು ನೂರು ವರ್ಷದಿಂದ ಅಲ್ಲೇ ನಡೆದಿರ್ತಾರೆ, ಬೇಲಿ ಹಾಕಿದ ದಿನವೇ ಜಗಳ.

ಭಾವನ ಹಿತ್ತಲಲ್ಲಿ ಹಾಗೊಂದು ದಾರಿ ಇತ್ತು, ಅದರ ಕೊನೆಗೆ ಸುರಗಿ ಮರದ ಬುಡದಲ್ಲಿ ಒಂದು ಜಟಗನ (ಊರಿನ ದೈವ) ಕಲ್ಲು. ವಕೀಲರು ಅದನ್ನೆಲ್ಲ ಬರೆಯೋದು ಬೇಡ ಅಂದ್ರು, ಅಜ್ಜಿ ಬರೀಲೇಬೇಕು ಅಂದ್ರು. ಕೊನೆಗೆ ಕ್ರಯಪತ್ರದ ನಾಲ್ಕನೇ ಪುಟದಲ್ಲಿ, ವರ್ಷಕ್ಕೊಮ್ಮೆ ಕೇರಿಯವರು ಬಂದು ಕಾಯಿ ಒಡೆಯಲು ಖರೀದಿದಾರರ ತಕರಾರು ಇರುವುದಿಲ್ಲ ಅಂತ ಒಂದು ಸಾಲು ಸೇರಿತು. ಹೋದ ಸಲ ಕಾಯಿ ಒಡೆಯೋಕೆ ಬಂದೋರಿಗೆ ಅತ್ತಿಗೆ ಪಾನಕ ಮಾಡಿದ್ರು, ಬೆಂಗಳೂರಿನ ಗೆಸ್ಟುಗಳೂ ಲೈನಲ್ಲಿ ನಿಂತು ಕುಡಿದ್ರು.